ತಮ್ಮನನ್ನೇ ಕೇಳಿದ್ದೀರಾ?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪ ತೀರಿಕೊಂಡರು. ತಮ್ಮನಿಗೆ 29 ವರ್ಷ, ಡೌನ್ ಸಿಂಡ್ರೋಮ್. ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಹಾಲು ತರುವುದು, ಉಳಿದ ಚಿಲ್ಲರೆ ಎಣಿಸಿ ಡಬ್ಬಿಗೆ ಹಾಕುವುದು, ಅಷ್ಟೇ ಅವನ ಲೋಕ. ಬ್ಯಾಂಕಿನವರು ಗಾರ್ಡಿಯನ್ (ಕಾನೂನಿನ ಪೋಷಕ) ಪತ್ರ ಕೇಳುತ್ತಿದ್ದಾರೆ. ಎಲ್ಲ ವ್ಯವಹಾರವೂ ನನ್ನ ಕೈಗೆ ಬರಲು ಏನು ಮಾಡಬೇಕು?"

ಮೊದಲು ಕೆಲಸದ ಮಾತು. 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಗಾರ್ಡಿಯನ್ ಅಲ್ಲ. ಬೌದ್ಧಿಕ ಅಂಗವೈಕಲ್ಯ (ಡೌನ್ ಸಿಂಡ್ರೋಮ್ ಸಾಮಾನ್ಯವಾಗಿ ಇದರಲ್ಲೇ ಬರುತ್ತದೆ), ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಡಿಸಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ. ನೇಮಕವಾದರೆ 6 ತಿಂಗಳೊಳಗೆ ತಮ್ಮನ ಆಸ್ತಿ, ಸಾಲದ ಪಟ್ಟಿ ಕೊಡಬೇಕು. ವರ್ಷಾ ವರ್ಷ ಲೆಕ್ಕವನ್ನೂ ಕೊಡಬೇಕು. ಕಾಗದ ಬೇಕೇ ಬೇಕು, ಒಪ್ಪಿದೆ.

ಆದರೆ "ಏನೂ ತಿಳಿಯುವುದಿಲ್ಲ" ಅಂದ ಬೆನ್ನಿಗೇ ಚಿಲ್ಲರೆ ಎಣಿಸುತ್ತಾನೆ ಅಂತೀರಲ್ಲ! ಗಾರ್ಡಿಯನ್ ಬೇಕೇ, ಬೇಕಿದ್ದರೆ ಯಾವ ಕೆಲಸಕ್ಕೆ ಅಂತ ಸಮಿತಿ ನೋಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದಂತೂ ಸೀಮಿತ ಗಾರ್ಡಿಯನ್. ಅಂದರೆ ಗಾರ್ಡಿಯನ್ನೂ ಆ ವ್ಯಕ್ತಿಯೂ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸುವುದು. ನನಗೆ ಬಹಳ ಇಷ್ಟವಾದ ಕಾನೂನು ಅದು.

ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಮರೆವು ಶುರುವಾದ ಹೊಸತರಲ್ಲಿ ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಹುಡುಗ ನನ್ನ ಮುಖ ನೋಡಿ, "ಅಜ್ಜಿಗೆ ಸಹಿ ಬರುತ್ತಾ ಸಾರ್?" ಅಂದ. ದೊಡ್ಡಮ್ಮ ಅವನ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. ಚಲನ್‌ನಲ್ಲಿ ಅವನು ತಪ್ಪು ಬರೆದಿದ್ದ ಮೊತ್ತವನ್ನೂ ಹೊಡೆದು ತಿದ್ದಿದರು.

ಮುಂದೆ ಮರೆವು ಜಾಸ್ತಿಯಾಯಿತು, ತಮ್ಮ ಪರವಾಗಿ ವ್ಯವಹಾರ ನೋಡಿಕೊಳ್ಳಲಿ ಅಂತ ಬರೆದುಕೊಟ್ಟಿದ್ದ ಜಿಪಿಎ (ಅಧಿಕಾರ ಪತ್ರ) ಕೈಕೊಟ್ಟಿತು. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆ ಪ್ರಕಾರ ಅದು ಅಲ್ಲಿಗೇ ಮುಗಿಯಿತು. ನ್ಯಾಷನಲ್ ಟ್ರಸ್ಟ್ ಬಾಗಿಲು ಮರೆಗುಳಿ ಕಾಯಿಲೆಯವರಿಗೆ ತೆರೆಯುವುದಿಲ್ಲ. ಹೈಕೋರ್ಟಿನ ಮೆಟ್ಟಿಲು ಹತ್ತುವುದೇ ಎಷ್ಟೋ ಮನೆಯವರ ಗತಿ. ಮುದುಕರಿಗಾಗಿ ಒಂದು ನೆಟ್ಟಗಿನ ಕಾನೂನು ಮಾಡಲು ಯಾರಿಗೂ ಪುರುಸೊತ್ತಿಲ್ಲ.

ಹೋಟೆಲಿನಲ್ಲೂ ಇದೇ ಕತೆ ಅಲ್ವಾ? ಗಾಲಿಕುರ್ಚಿಯಲ್ಲಿ ಕೂತವರನ್ನು ಬಿಟ್ಟು ಪಕ್ಕದವರನ್ನು "ಇವರಿಗೇನು ಕೊಡ್ಲಿ?" ಅಂತ ಕೇಳುತ್ತಾರೆ. ಇಡ್ಲಿಯೋ ದೋಸೆಯೋ ಹೇಳಲು ಕಾಲು ಯಾಕೆ ಬೇಕು?

ನಿಮಗೆ ತಮ್ಮನ ಮೇಲೆ ಪ್ರೀತಿ ಇದೆ, ಪತ್ರದಲ್ಲೇ ಕಾಣುತ್ತದೆ. ಅರ್ಜಿಯಲ್ಲಿ ಸುಮ್ನೆ "ಎಲ್ಲ ವ್ಯವಹಾರ" ಅಂತ ಬರೆಯಬೇಡಿ. ಬ್ಯಾಂಕು, ಮನೆ ಪತ್ರ, ಅಷ್ಟಕ್ಕೆ ಕೇಳಿ. ಡಿಸಿ ಆಫೀಸಿಗೆ ಅವನನ್ನೂ ಕರೆದುಕೊಂಡು ಹೋಗಿ. ಚಿಲ್ಲರೆ ಡಬ್ಬಿ ಅವನ ಹತ್ತಿರವೇ ಇರಲಿ.