ಎಲ್ಲರ ಕೆಲಸವೂ ಕೊನೆಗೆ ಅವಳ ಟೇಬಲ್ಲಿಗೆ

ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಅವಳು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದು ನಿದ್ದೆಯ ತೊಂದರೆ ಎಂದು. ವಯಸ್ಸು 21, ಬೆಂಗಳೂರಿನಲ್ಲಿ ಅನಿಮೇಷನ್ ಪದವಿಯ ಕೊನೆಯ ಸೆಮಿಸ್ಟರ್. ಮನೆ ಮಲೆನಾಡಿನ ಕಡೆ, ತಂದೆಗೆ ಸಣ್ಣ ಅಂಗಡಿ. ಊಟ ಸೇರುತ್ತಿರಲಿಲ್ಲ, ಎದೆ ಡವಗುಟ್ಟುತ್ತಿತ್ತು, ಪ್ರಾಜೆಕ್ಟ್ ಗ್ರೂಪಿನಲ್ಲಿ ಮೆಸೇಜ್ ಬಂದರೆ ಕೈ ನಡುಗುತ್ತಿತ್ತು. ಬಿಡಿಸಿ ಕೇಳಿದಾಗ ಗೊತ್ತಾಯಿತು: ನಿದ್ದೆ ಬರುತ್ತಿತ್ತು, ಅವಳೇ ಬಿಡುತ್ತಿರಲಿಲ್ಲ. ಗಂಟೆಗೊಂದು ಅಲಾರಂ. ಎದ್ದು ರೆಂಡರ್ (ಕಂಪ್ಯೂಟರ್ ದೃಶ್ಯವನ್ನು ಲೆಕ್ಕ ಹಾಕಿ ಅಂತಿಮ ಚಿತ್ರವಾಗಿ ತೆಗೆಯುವುದು) ಓಡುತ್ತಿದೆಯಾ ನೋಡಬೇಕು, ಮತ್ತೆ ಮಲಗಬೇಕು.

ಮೂವರು ಸೇರಿ ಮೂರು ನಿಮಿಷದ ಚಿತ್ರ ಮಾಡುತ್ತಿದ್ದರು. ಒಬ್ಬಳದು ಕಥೆ ಮತ್ತು ನಿರ್ದೇಶನ, ಇನ್ನೊಬ್ಬನದು ಮಾಡೆಲಿಂಗ್ ಮತ್ತು ಅನಿಮೇಷನ್. ಲೈಟಿಂಗ್, ರೆಂಡರಿಂಗ್, ಕಾಂಪೋಸಿಟಿಂಗ್ (ರೆಂಡರ್ ಆದ ಪದರಗಳನ್ನು ಜೋಡಿಸಿ ಕೊನೆಯ ಚಿತ್ರ ಮಾಡುವುದು) ಇವಳದು. ಕೆಲಸ ಏನೆಂದು ತಿಳಿಯದೆ ಸಲಹೆ ಕೊಡುವುದು ಸುಮ್ನೆ ಬಾಯಿಮಾತು. ಹಾಗಾಗಿ ಅವಳಿಂದಲೇ ಹೇಳಿಸಿಕೊಂಡೆ. ಮುಂಜಾನೆಯ ಮಂಜು, ದೂರದಲ್ಲಿ ಒಂದು ಮನೆ, ಬಾಗಿಲಿಂದ ಬೀಳುವ ಬಲ್ಬಿನ ಹಳದಿ, ಅದರ ಎದುರಿಗೆ ಆಕಾಶದ ತಣ್ಣನೆ ನೀಲಿ. ಇದನ್ನು ವಿವರಿಸುವಾಗ ಅವಳ ದನಿ ನಡುಗಲಿಲ್ಲ. ಇದು ನನಗೆ ಮುಖ್ಯ ಅನಿಸಿತು. ಕೆಲಸದ ಮೇಲಿನ ಪ್ರೀತಿ ಹೋಗಿರಲಿಲ್ಲ.

ತೊಂದರೆ ಇದ್ದದ್ದು ಅವಳು ಕೂತ ಜಾಗದಲ್ಲಿ. ಕಥೆ ಒಂದು ವಾರ ತಡವಾದರೂ, ಅನಿಮೇಷನ್ ಎರಡು ವಾರ ತಡವಾದರೂ, ಸಲ್ಲಿಸುವ ದಿನ ಮಾತ್ರ ಮುಂದೆ ಹೋಗುವುದಿಲ್ಲ. ಆ ತಡವೆಲ್ಲ ಇವಳ ಪಾಲಿನ ದಿನಗಳಿಂದಲೇ ಕಳೆಯುತ್ತದೆ. ಪಾತ್ರದ ಕಾಲು ನೆಲದೊಳಗೆ ಹೂತು ಹೋಗಿದ್ದರೆ ಅದು ಅನಿಮೇಷನ್ ತಪ್ಪು. ಆದರೆ ಎಲ್ಲರಿಗೂ ಕಾಣುವುದು ಇವಳು ರೆಂಡರ್ ಮಾಡಿದ ಮೇಲೆ. ಹೇಳುವುದು ಏನಂತೆ? "ನಿನ್ನ ಷಾಟ್ ಸರಿ ಬಂದಿಲ್ಲ."

ಅಲಾರಂ ಶುರುವಾಗಿದ್ದಕ್ಕೂ ಒಂದು ಕಾರಣ ಇತ್ತು. ಮೊದಮೊದಲು ಅವಳು ನೇರವಾಗಿ ಒಂದು ವಿಡಿಯೋ ಫೈಲಿಗೇ ರೆಂಡರ್ ಕೊಟ್ಟಿದ್ದಳು. ಅರ್ಧರಾತ್ರಿ ಕರೆಂಟ್ ಹೋಯಿತು, ಬೆಳಿಗ್ಗೆ ಆ ಫೈಲ್ ತೆರೆಯಲೇ ಇಲ್ಲ. ಆಮೇಲೆ ಬುದ್ಧಿ ಕಲಿತು, ಒಂದೊಂದು ಫ್ರೇಮನ್ನೂ ಬೇರೆ ಬೇರೆ ಇಎಕ್ಸ್‌ಆರ್ ಚಿತ್ರವಾಗಿ ಉಳಿಸತೊಡಗಿದಳು. ಹೀಗೆ ಮಾಡಿದರೆ ಯಂತ್ರ ನಿಂತರೂ ನಿಂತ ಫ್ರೇಮಿನಿಂದ ಮುಂದುವರಿಸಬಹುದು. ಅಂದರೆ ಭಯದ ಕಾರಣ ಹೋಗಿತ್ತು, ಅಲಾರಂ ಮಾತ್ರ ಉಳಿದಿತ್ತು. ಆತಂಕ ಹೀಗೇ ಕೆಲಸ ಮಾಡುತ್ತದೆ.

ಒಂದು ಹಾಳೆ ಕೊಟ್ಟು ಲೆಕ್ಕ ಬರೆಯಲು ಹೇಳಿದೆ. ಸೆಕೆಂಡಿಗೆ 24 ಫ್ರೇಮ್, 180 ಸೆಕೆಂಡ್, ಒಟ್ಟು 4,320 ಫ್ರೇಮ್. ಒಂದೊಂದಕ್ಕೆ ಎಷ್ಟು ಹೊತ್ತು? ಸುಮಾರು 20 ನಿಮಿಷ. ಗುಣಿಸಿದರೆ 1,440 ಗಂಟೆ. ಹಗಲು ರಾತ್ರಿ ಓಡಿದರೂ 60 ದಿನ. ಅವಳ ಕೈಯಲ್ಲಿದ್ದದ್ದು ಐದು ವಾರ, ಒಂದೇ ಕಂಪ್ಯೂಟರ್.

ಅವಳು ಹಾಳೆ ನೋಡುತ್ತಾ ಕೂತಳು. "ನಂಗೆ ಗೊತ್ತಿತ್ತು ಮೇಡಮ್. ಬರೆದು ನೋಡಿರ್ಲಿಲ್ಲ ಅಷ್ಟೇ."

"ಅವರಿಬ್ಬರಿಗೆ ಹೇಳಿದೆಯಾ?"

"ಇಲ್ಲ. ಹೇಳಿದ್ರೆ ಇವಳಿಗೆ ಲೈಟಿಂಗ್ ಬರಲ್ಲ ಅನ್ಕೋತಾರೆ."

ಗಂಟು ಇದ್ದದ್ದು ಇಲ್ಲಿ. ಸಹಾಯ ಕೇಳುವುದೆಂದರೆ ಬರಲ್ಲ ಎಂದು ಒಪ್ಪಿಕೊಂಡಂತೆ ಎಂಬ ನಂಬಿಕೆ. ಇದಕ್ಕೆ ಮನೆಯ ಕಡೆಯಿಂದಲೂ ಭಾರ ಇತ್ತು. ಫೀಸಿಗೆ ಸಾಲ ಮಾಡಿದ್ದಾರೆ. 2025ರ ಆರಂಭದಲ್ಲಿ ಬೆಂಗಳೂರಿನ ದೊಡ್ಡ ಸ್ಟುಡಿಯೋ ಒಂದು ಬಾಗಿಲು ಹಾಕಿದ ಸುದ್ದಿ ಅಪ್ಪನಿಗೂ ತಲುಪಿತ್ತು. ಫೋನ್ ಮಾಡಿದಾಗಲೆಲ್ಲ, "ಕೆಲಸ ಸಿಗತ್ತೇನಮ್ಮಾ?" ಈ ಚಿತ್ರ ಚೆನ್ನಾಗಿ ಬರದಿದ್ದರೆ ಎಲ್ಲಾ ಮುಗೀತು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

"ಅಷ್ಟೊಂದು ಅಚ್ಚುಕಟ್ಟು ಬೇಡ ಬಿಡಮ್ಮ" ಎಂದು ನಾನು ಹೇಳಲಿಲ್ಲ. ಅಂಥ ಮಾತಿನಿಂದ ಯಾರೂ ಬದಲಾಗಿದ್ದು ನೋಡಿಲ್ಲ. ಮೊದಲು ಡಾಕ್ಟರ ಹತ್ತಿರ ಕಳಿಸಿ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಎದೆ ಡವಗುಟ್ಟುವುದನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಹಾಕಬಾರದು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ.

ಆಮೇಲೆ ಅಲಾರಂ. ಒಂದು ರಾತ್ರಿ ಅಲಾರಂ ಇಡದೆ ಮಲಗಬೇಕು. ಮಲಗುವ ಮುಂಚೆ "ಏನಾಗಬಹುದು" ಎಂದು ಬರೆಯಬೇಕು, ಎದ್ದ ಮೇಲೆ "ಏನಾಯಿತು" ಎಂದು ಬರೆಯಬೇಕು. ಆ ರಾತ್ರಿ ರೆಂಡರ್ ನಿಜಕ್ಕೂ ನಿಂತಿತು! ಸುಮಾರು ನಾಲ್ಕು ಗಂಟೆಯ ಕೆಲಸ ಹಿಂದೆ ಬಿತ್ತು. ನಿಂತ ಫ್ರೇಮಿನಿಂದ ಮತ್ತೆ ಶುರು ಮಾಡಿ ಕ್ಲಾಸಿಗೆ ಹೋದಳು. ನಿಲ್ಲದೇ ಇದ್ದಿದ್ದರೆ ಇಷ್ಟು ಉಪಯೋಗ ಆಗುತ್ತಿರಲಿಲ್ಲ.

ಕಷ್ಟವಾಗಿದ್ದು ಮುಂದಿನ ಹೆಜ್ಜೆ: ಆ ಹಾಳೆಯನ್ನು ಗೈಡ್‌ಗೆ ಮತ್ತು ಜೊತೆಯವರಿಗೆ ತೋರಿಸುವುದು. ಮಾತು ಹೇಗೆ ಶುರು ಮಾಡಬೇಕೆಂದು ನನ್ನೆದುರು ಹೇಳಿ ಹೇಳಿ ಅಭ್ಯಾಸ ಮಾಡಿದಳು. ಕ್ಷಮೆ ಕೇಳುತ್ತಾ ಶುರು ಮಾಡಬೇಡ, ಲೆಕ್ಕದಿಂದ ಶುರು ಮಾಡು ಎಂದೆ.

ಗೈಡ್ ಹೇಳಿದ್ದನ್ನು ಅವಳು ಬಂದು ವಿವರಿಸಿದಳು. ಅವಳು ರೆಂಡರ್ ಮಾಡುತ್ತಿದ್ದದ್ದು 4ಕೆ ಅಳತೆಯಲ್ಲಿ. ಫುಲ್ ಎಚ್‌ಡಿಗೆ ಇಳಿಸಿದರೆ ಪಿಕ್ಸೆಲ್ ಕಾಲು ಭಾಗ. ಕಾಳುಕಾಳಾಗಿ ಕಾಣುವ ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್, ಅಂದರೆ ಒಂದೊಂದು ಪಿಕ್ಸೆಲ್ಲಿಗೆ ಕಂಪ್ಯೂಟರ್ ಬೆಳಕನ್ನು ಲೆಕ್ಕ ಹಾಕುವ ಸಲಗಳು, ನಾಲ್ಕು ಪಟ್ಟು ಬೇಕು, ಅವಳು ಏರಿಸುತ್ತಲೇ ಹೋಗಿದ್ದಳು. ಮಂಜನ್ನು ಎಲ್ಲಾ ಷಾಟಿನಲ್ಲೂ ನಿಜವಾದ ವಾಲ್ಯೂಮ್ ಆಗಿ, ಅಂದರೆ ದೃಶ್ಯದೊಳಗೇ ಹರಡಿದ ಹೊಗೆಯಂತೆ, ಹಾಕಿದ್ದಳು, ಹೊತ್ತು ನುಂಗುತ್ತಿದ್ದದ್ದು ಹೆಚ್ಚಾಗಿ ಅದೇ. ಯಾವುದು ಕ್ಯಾಮೆರಾದಿಂದ ಎಷ್ಟು ದೂರ ಎಂದು ತಿಳಿಸುವ ಮಿಸ್ಟ್ ಪಾಸ್ ಎಂಬ ಬೇರೆ ಪದರವನ್ನು ತೆಗೆದುಕೊಂಡು ಕಾಂಪೋಸಿಟಿಂಗ್‌ನಲ್ಲಿ ಮಂಜು ಹಾಕಿದರೆ ಸಾಕು. ಬೆಳಕಿನ ಕೋಲು ಮಂಜನ್ನು ಸೀಳುವ ಒಂದೇ ಷಾಟಿಗೆ ಮಾತ್ರ ನಿಜವಾದ ಮಂಜು. ಲೈಟ್ ಗ್ರೂಪ್ ಬಳಸಿ ಬಲ್ಬಿನ ಬೆಳಕನ್ನೂ ಆಕಾಶದ ಬೆಳಕನ್ನೂ ಬೇರೆಬೇರೆಯಾಗಿ ಉಳಿಸಿದರೆ, "ಸ್ವಲ್ಪ ಹಳದಿ ಜಾಸ್ತಿ ಮಾಡು" ಅಂದಾಗ ಮತ್ತೆ ರೆಂಡರ್ ಬೇಡ. ಫ್ರೇಮಿಗೆ ಐದು ನಿಮಿಷ ಬಂತು. 60 ದಿನ ಹೋಗಿ 15 ದಿನ ಆಯಿತು.

ಇದರಲ್ಲಿ ಅರ್ಧ ಅವಳಿಗೆ ಮೊದಲೇ ಗೊತ್ತಿತ್ತು. ನಿದ್ದೆಗೆಟ್ಟ ತಲೆಗೆ ಹೊಳೆದಿರಲಿಲ್ಲ, ಅಲ್ವಾ?

ನಿರ್ದೇಶನದ ಹುಡುಗಿಯನ್ನೂ ಒಮ್ಮೆ ಕರೆಸಿದೆ. "ಅಯ್ಯೋ, ನಾವು ಕೇಳಿದ್ದಕ್ಕೆಲ್ಲ ನೀನು ಹೂಂ ಅಂತಿದ್ದೆ ಕಣೇ. ನಂಗೆ ಹೇಗೆ ಗೊತ್ತಾಗತ್ತೆ?" ಎಂದಳು. ಅವಳ ಮಾತೂ ನಿಜ. ಮೂವರೂ ಸೇರಿ ಒಂದು ನಿಯಮ ಮಾಡಿಕೊಂಡರು. ಅನಿಮೇಷನ್ ಲಾಕ್ ಆದ ಮೇಲೆ, ಅಂದರೆ ಇನ್ನು ಮುಟ್ಟುವುದಿಲ್ಲ ಎಂದು ಒಪ್ಪಿದ ಮೇಲೆ, ಯಾರಾದರೂ ಬದಲಾವಣೆ ಕೇಳಿದರೆ, ಅದಕ್ಕೆ ಎಷ್ಟು ಗಂಟೆ ಬೇಕೆಂದು ಮೊದಲು ಹೇಳಬೇಕು, ಮೂವರೂ ಒಪ್ಪಬೇಕು. ಬದಲಾವಣೆಗಳು ತಾವಾಗಿಯೇ ಕಡಿಮೆಯಾದವು.

ಕೆಲಸದ ಭಯಕ್ಕೆ ನಾನು ಹೇಳಿದ್ದು ಇಷ್ಟು: ಲೈಟಿಂಗ್ ಕೆಲಸಕ್ಕೆ ಬೇಕಾಗುವುದು ಚಿಕ್ಕ ಷೋರೀಲ್, ಅಂದರೆ ಒಳ್ಳೆ ಕೆಲಸಗಳನ್ನು ಜೋಡಿಸಿದ ವಿಡಿಯೋ. ನಾಲ್ಕೈದು ಒಳ್ಳೆ ಷಾಟ್ ಆರಿಸಿಕೊ, ಜಾಸ್ತಿ ಪ್ರೀತಿ ಅವಕ್ಕೆ ಕೊಡು. ಉಳಿದವು ಕಥೆ ನಡೆಸಿದರೆ ಸಾಕು.

ಚಿತ್ರ ಸಲ್ಲಿಸಿದರು. ಎರಡು ಷಾಟಿನಲ್ಲಿ ಡಿನಾಯ್ಸ್ ಮಾಡಿದ್ದು (ನಾಯ್ಸನ್ನು ಕಂಪ್ಯೂಟರಿನಿಂದ ಒರೆಸಿದ್ದು) ಫ್ರೇಮಿನಿಂದ ಫ್ರೇಮಿಗೆ ಮಿಣುಗುತ್ತಿತ್ತು. ಮೌಲ್ಯಮಾಪನದಲ್ಲಿ ಒಬ್ಬರು ಅದನ್ನೇ ಕೇಳಿದರು. ಯಾಕೆ ಹಾಗಾಯಿತು, ಹೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳಿ ಬಂದಳು.

ನಿದ್ದೆ ಸರಿಯಾಗಿದೆ. ಅಪ್ಪನ ಫೋನ್ ಬಂದರೆ ಮಾತ್ರ ಇನ್ನೂ ಹೊಟ್ಟೆಯಲ್ಲಿ ಸಂಕಟ. ಸಾಲದ ಕಂತು ಎಷ್ಟು, ಯಾವಾಗಿಂದ ಕಟ್ಟಬೇಕು ಎಂದು ಅಪ್ಪನನ್ನೇ ಕೇಳಿಕೊಂಡು ಬರಲು ಹೇಳಿದ್ದೇನೆ. ಇನ್ನೂ ಕೇಳಿಲ್ಲ.