ಎಲ್‌ಒಐ 28 ಇರುವ ಪ್ಲಾಸ್ಟಿಕ್‌ಗೆ ಬೆಂಕಿ ಹತ್ತುವುದೇ ಇಲ್ಲವೇ?

ಪ್ಲಾಸ್ಟಿಕ್ ಹಾಳೆಯ ಮಾಹಿತಿಪತ್ರದಲ್ಲಿ ‘ಎಲ್‌ಒಐ 28’ (ಲಿಮಿಟಿಂಗ್ ಆಕ್ಸಿಜನ್ ಇಂಡೆಕ್ಸ್, ಅಂದರೆ ವಸ್ತು ಉರಿಯುತ್ತಿರಲು ಸುತ್ತಲಿನ ಅನಿಲದಲ್ಲಿ ಕನಿಷ್ಠ ಶೇ. ಎಷ್ಟು ಆಮ್ಲಜನಕ ಬೇಕು ಎಂಬ ಅಂಕಿ) ಎಂದಿದೆ, ಗಾಳಿಯಲ್ಲಿ ಆಮ್ಲಜನಕ ಇರುವುದೇ ಶೇ. 21, ಅಂದಮೇಲೆ ಇದು ಉರಿಯಲಾರದು ಅಲ್ಲವೇ ಎಂದು ಕೇಳಿದ್ದೀರಿ. ಉರಿಯುತ್ತದೆ. ಈ ಪರೀಕ್ಷೆಯನ್ನು ವರ್ಷಗಟ್ಟಲೆ ಕೈಯಾರೆ ಮಾಡಿದ್ದೇನೆ, ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ಹೇಳಿದರೆ ಕಾರಣವೂ ತಿಳಿಯುತ್ತದೆ.

ನಿಲ್ಲಿಸಿದ ಒಂದು ಗಾಜಿನ ಕೊಳವೆ. ಅದರ ತಳದಿಂದ ಆಮ್ಲಜನಕ, ಸಾರಜನಕ ಬೆರೆಸಿದ ಅನಿಲ ನಿಧಾನವಾಗಿ ಮೇಲೇರುತ್ತಿರುತ್ತದೆ. ಹರಿವು ಒಂದೇ ಸಮ ಇರಲೆಂದು ತಳದಲ್ಲಿ ಗಾಜಿನ ಮಣಿಗಳ ಹಾಸು. ನಡುವೆ ಪರೀಕ್ಷಿಸುವ ವಸ್ತುವಿನ ಬೆರಳಗಲದ ಒಂದು ಪಟ್ಟಿ ನೆಟ್ಟಗೆ ನಿಂತಿರುತ್ತದೆ. ಅದರ ತುದಿಗೆ, ಮೇಲಿನಿಂದ, ಕಿರುಜ್ವಾಲೆ ತಾಗಿಸುತ್ತೇವೆ. ಹತ್ತಿದ ಮೇಲೆ ಮೂರು ನಿಮಿಷ ಉರಿಯಿತೇ, ಅಥವಾ 50 ಮಿ.ಮೀ. ಗೆರೆ ದಾಟಿತೇ ನೋಡುವುದು. ದಾಟಿದರೆ ಮುಂದಿನ ಪಟ್ಟಿಗೆ ಆಮ್ಲಜನಕ ಇಳಿಸು, ಆರಿದರೆ ಏರಿಸು. ಕೊನೆಗೆ ಶೇ. 0.2ರಷ್ಟು ಸಣ್ಣ ಹೆಜ್ಜೆಗಳಲ್ಲಿ ಉರಿಯುವ-ಆರುವ ಗಡಿ ಸಿಗುತ್ತದೆ, ಅದೇ ಎಲ್‌ಒಐ. 1966ರಲ್ಲಿ ಫೆನಿಮೋರ್ ಮತ್ತು ಮಾರ್ಟಿನ್ ರೂಪಿಸಿದ ವಿಧಾನವಿದು, ಈಗ ಐಎಸ್‌ಒ 4589 ಮಾನಕ.

ಅಕ್ರಿಲಿಕ್ ಪಟ್ಟಿ ಇಟ್ಟಾಗ ಗಡಿ ಕಣ್ಣಿಗೇ ಕಾಣುತ್ತದೆ. ಶೇ. 21ರಲ್ಲಿ ಮೇಣದಬತ್ತಿಯಂತೆ ನೆಮ್ಮದಿಯಾಗಿ ಹಳದಿ ಉರಿ. 18ರ ಹತ್ತಿರ ಬಂದಂತೆ ಜ್ವಾಲೆ ಕುಗ್ಗಿ, ಅಂಚು ನೀಲಿಗಟ್ಟಿ, ಪಟ್ಟಿಯ ಒಂದು ಮೂಲೆಗೆ ಸರಿದು ಅಲ್ಲೇ ಒದ್ದಾಡುತ್ತದೆ. ಇನ್ನೊಂದಿಷ್ಟು ಇಳಿಸಿದರೆ ಆರಿಹೋಗಿ, ತುದಿಯಿಂದ ಬಿಳಿ ಆವಿಯ ಎಳೆಯೊಂದು ಏಳುತ್ತದೆ. ಪಾಲಿಥೀನ್, ಹತ್ತಿ ಬಟ್ಟೆ ಕೂಡ 17-18ರ ಆಸುಪಾಸಿನವೇ. ಉಣ್ಣೆ ಸುಮಾರು 25. ಟೆಫ್ಲಾನ್ 95 ಮುಟ್ಟುತ್ತದೆ.

ಇಲ್ಲಿ ಗಮನಿಸಬೇಕಾದದ್ದು: ಅನಿಲ ತಣ್ಣಗಿದೆ, ಪಟ್ಟಿ ಚಿಕ್ಕದು, ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಜ್ವಾಲೆಯ ಕಾವೆಲ್ಲ ಮೇಲಕ್ಕೆ ಹೋಗುತ್ತದೆ, ಕೆಳಗಿನ ಭಾಗಕ್ಕೆ ಸಿಗುವುದು ಅಲ್ಪ. ನಿಜವಾದ ಬೆಂಕಿಯಲ್ಲಿ ಜ್ವಾಲೆ ಮೇಲಕ್ಕೆ ಏರುತ್ತ ಮುಂದಿನ ಭಾಗವನ್ನು ಮೊದಲೇ ಕಾಯಿಸುತ್ತದೆ, ಪಕ್ಕದಲ್ಲಿ ಉರಿಯುವ ವಸ್ತುವೂ ಕಾವು ಸುರಿಯುತ್ತದೆ. ಕಾದ ವಸ್ತುವಿನ ಎಲ್‌ಒಐ ಕೆಳಗಿಳಿಯುತ್ತದೆ. ಕೊಠಡಿಯ ಉಷ್ಣಾಂಶದಲ್ಲಿ 28 ಇದ್ದದ್ದು ಸಾಕಷ್ಟು ಕಾದಾಗ 21ಕ್ಕಿಂತ ಕೆಳಗೆ ಬರಬಹುದು.

ಅದಕ್ಕೇ ನಾನು ಉರಿಯುವ ವಸ್ತು ಎಷ್ಟು ಶಾಖ ಬಿಡುತ್ತದೆ ಎಂದು ಅಳೆಯುವ ಕೋನ್ ಕ್ಯಾಲೊರಿಮೀಟರನ್ನು ಹೆಚ್ಚು ನಂಬುತ್ತೇನೆ. ಅಂಗೈಯಗಲದ, 100 ಮಿ.ಮೀ. ಚೌಕದ ತುಂಡನ್ನು ಶಂಕುವಿನಾಕಾರದ ಹೀಟರ್ ಕೆಳಗೆ ತೂಕದ ಯಂತ್ರದ ಮೇಲೆ ಇಡುತ್ತೇವೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಕಡಿಮೆಯಾಗಿದೆ ಎಂದು ಅಳೆದು ಶಾಖ ಲೆಕ್ಕ ಹಾಕುವುದು: ಬಳಕೆಯಾದ ಪ್ರತಿ ಕಿಲೊ ಆಮ್ಲಜನಕಕ್ಕೆ ಸುಮಾರು 13.1 ಮೆಗಾಜೂಲ್. ಸುತ್ತ ಪೆಟ್ಟಿಗೆ ಕಟ್ಟಿ ಸಾರಜನಕ ಬೆರೆಸಿದರೆ ಕಡಿಮೆ ಆಮ್ಲಜನಕದ ಪರೀಕ್ಷೆ ಆಗುತ್ತದೆ. ಆಗ ನಾನು ಜ್ವಾಲೆಗಿಂತ ತೂಕವನ್ನು ನೋಡುತ್ತೇನೆ. ಜ್ವಾಲೆ ಆರಿದ ಮೇಲೂ ಮೇಲಿನ ಕಾವಿಗೆ ವಸ್ತು ಆವಿಯಾಗುತ್ತಲೇ ಇರುತ್ತದೆ, ತೂಕ ಇಳಿಯುತ್ತಲೇ ಇರುತ್ತದೆ. ಪೆಟ್ಟಿಗೆಯಿಂದ ಹೊರಬಿದ್ದ ಆ ಬಿಸಿ ಆವಿ ಹೊರಗಿನ ಗಾಳಿ ಸಿಕ್ಕೊಡನೆ ಮತ್ತೆ ಹೊತ್ತಿಕೊಂಡು ಅಳತೆಯನ್ನೇ ಕೆಡಿಸುವುದುಂಟು. ಮುಚ್ಚಿದ ಕೋಣೆಯ ಬಾಗಿಲನ್ನು ತಟ್ಟನೆ ತೆರೆದಾಗ ಬೆಂಕಿ ಭುಗ್ಗೆಂದು ನುಗ್ಗುವುದೂ ಇದೇ ಕಾರಣಕ್ಕೆ.

ಇನ್ನು ಹೊಗೆ. ಗಾಳಿ ಸಾಲದೆ ಉರಿದಾಗ ಇಂಗಾಲ ಪೂರ್ತಿ ಸುಡದೆ ಕಾರ್ಬನ್ ಮಾನಾಕ್ಸೈಡ್ ಹಲವು ಪಟ್ಟು ಹೆಚ್ಚುತ್ತದೆ. ಪಾಲಿಯುರೆಥೇನ್, ನೈಲಾನ್‌ನಂಥ ಸಾರಜನಕ ಉಳ್ಳ ವಸ್ತುಗಳಾದರೆ ಹೈಡ್ರೋಜನ್ ಸಯನೈಡ್ ಕೂಡ. ಮುಚ್ಚಿದ ಜಾಗದ ಬೆಂಕಿಯಲ್ಲಿ ಜನ ಸಾಯುವುದು ಸುಟ್ಟಗಾಯಕ್ಕಿಂತ ಹೆಚ್ಚಾಗಿ ಇಂಥ ಹೊಗೆಯಿಂದ, ಮತ್ತು ಎಲ್‌ಒಐ ಇದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಹಾಗಾಗಿ ಒಂದೇ ಸೂತ್ರದ ಎರಡು ಬ್ಯಾಚ್‌ಗಳನ್ನು ಹೋಲಿಸಲು 28 ಬಳಸಿ. ನೀವು ಹಾಳೆಯನ್ನು ಜನ ಇರುವ ಮುಚ್ಚಿದ ಜಾಗದ ಗೋಡೆಗೆ ಹಾಕುವುದಾದರೆ, ಮಾರುವವರಿಂದ ಕೋನ್ ಕ್ಯಾಲೊರಿಮೀಟರ್ ವರದಿಯನ್ನೂ, ಗಾಳಿ ಸಾಲದ ಸ್ಥಿತಿಯಲ್ಲಿ ಅಳೆದ ವಿಷಾನಿಲದ ವರದಿಯನ್ನೂ ಕೇಳಿ ಪಡೆಯಿರಿ. ಎಷ್ಟು ದಪ್ಪದ ತುಂಡನ್ನು ಪರೀಕ್ಷಿಸಿದರು, ಪ್ರತಿ ಚದರ ಮೀಟರಿಗೆ ಎಷ್ಟು ಕಿಲೊವಾಟ್ ಕಾವು ಕೊಟ್ಟರು ಎಂಬ ಎರಡು ಸಾಲು ಅದರಲ್ಲಿ ಇದೆಯೇ ನೋಡಿಕೊಳ್ಳಿ.