ಮಂಜರಾಬಾದ್ ಗೋಡೆ, ಬ್ರಾಸ್ಟೆಡ್ ಹಲಗೆ

ಪ್ರಶ್ನೆ (ಸಕಲೇಶಪುರದಿಂದ): ಸಾರ್, ಹೋದ ಸಲ ಮಂಜರಾಬಾದ್ ಕೋಟೆ ಗೋಡೆ ಮೇಲೆ ಹೆಸರು ಕೆತ್ತೋ ಹುಡುಗರಿಗೆ ಚೆನ್ನಾಗಿ ಉಗಿದಿದ್ರಿ. ಆದ್ರೆ ಲಂಡನ್ನಲ್ಲಿರೋ ನನ್ನ ತಂಗಿ ಮಗ ಹೇಳ್ತಾನೆ, ಅಲ್ಲಿ ಯುದ್ಧದ ಟೈಮಲ್ಲಿ ಫೈಟರ್ ಪೈಲಟ್‌ಗಳು ಹಳ್ಳಿ ಪಬ್ಬಲ್ಲಿ ಕೂತು ಹೆಸರು ಬರೆದಿದ್ದನ್ನ ಮ್ಯೂಸಿಯಮ್ಮಲ್ಲಿ ಇಟ್ಟಿದಾರಂತೆ. ಅವ್ರು ಬರೆದ್ರೆ ಇತಿಹಾಸ, ನಮ್ ಹುಡುಗರು ಬರೆದ್ರೆ ಗಲೀಜಾ?

ಉತ್ತರ: ಒಳ್ಳೇ ಕಡೆ ಹಿಡಿದ್ರಿ ಮಾರಾಯ್ರೆ. ನಿಮ್ ಹುಡುಗ ಹೇಳಿದ್ದು ಇಂಗ್ಲೆಂಡಿನ ಕೆಂಟ್ ಕಡೆ ಬ್ರಾಸ್ಟೆಡ್ ಅನ್ನೋ ಹಳ್ಳಿಯ ವೈಟ್ ಹಾರ್ಟ್ ಪಬ್ ಇರ್ಬೇಕು, ಬಿಗ್ಗಿನ್ ಹಿಲ್ ವಿಮಾನ ನೆಲೆಗೆ ಹತ್ರ. 1940ರ ಜುಲೈಯಿಂದ ಅಕ್ಟೋಬರ್‌ವರೆಗೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳ ಜೊತೆ ಬ್ಯಾಟಲ್ ಆಫ್ ಬ್ರಿಟನ್ ಅನ್ನೋ ಆಕಾಶದ ಕಾಳಗ ನಡೆದಾಗ ಅಲ್ಲಿನ ಸ್ಪಿಟ್‌ಫೈರ್ ಫೈಟರ್ ವಿಮಾನದ ಹುಡುಗರು, ಹುಡುಗರೇ ಅನ್ಬೇಕು, ಎಷ್ಟೋ ಜನಕ್ಕೆ ಇಪ್ಪತ್ತೋ ಇಪ್ಪತ್ತೊಂದೋ, ದಿನಕ್ಕೆ ಮೂರು ನಾಕು ಸಲ ಮೇಲೆ ಹೋಗಿ ಹೊಡೆದಾಡಿ, ಕತ್ಲಾದ್ಮೇಲೆ ಹಾರಾಟ ಇಲ್ವಲ್ಲ, ಒಂದೇ ಕಾರಲ್ಲಿ ಆರೇಳು ಜನ ತುಂಬ್ಕೊಂಡು ಪಬ್ಬಿಗೆ ಬರೋರು. ಬೆಳಗಿನ ಜಾವ ಮತ್ತೆ ರೆಡಿ ಇರ್ಬೇಕು. ಆಗ ಶತ್ರು ವಿಮಾನಕ್ಕೆ ಬೆಳಕು ಕಾಣಬಾರ್ದು ಅಂತ ಕಿಟಕಿ ಮುಚ್ಚೋ ಕಾನೂನಿತ್ತು, ಹಾಗೆ ಮುಚ್ಚೋಕೆ ಇಟ್ಟಿದ್ದ ಕರಿ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಸೈನ್ ಹಾಕ್ತಿದ್ರು, ಅಷ್ಟೇ ಸಾರ್ ಅವ್ರು ಮಾಡಿದ್ದು. ಒದ್ದೆ ಬಟ್ಟೇಲಿ ಒಂದ್ಸಲ ಒರೆಸಿದ್ರೆ ಹೋಗೋದು. ಯಾರೂ ಒರೆಸ್ಲಿಲ್ಲ. ಆ ನಾಕು ತಿಂಗಳಲ್ಲಿ ಬ್ರಿಟನ್ ಪರವಾಗಿ ಹಾರಿದ ಸುಮಾರು 2,900 ಜನರಲ್ಲಿ 544 ಮಂದಿ ಸತ್ರು, ಇನ್ನು ಒರೆಸೋಕೆ ಯಾರಿಗ್ ಕೈ ಬರುತ್ತೆ ಹೇಳಿ. ಹಲಗೆ ಈಗ ಕೆಂಟ್‌ನ ಶೋರ್‌ಹ್ಯಾಮ್ ವಿಮಾನ ಮ್ಯೂಸಿಯಮ್ಮಲ್ಲಿದೆ.

ಮಂಜರಾಬಾದ್ ಗೋಡೆ ಟಿಪ್ಪು ಕಟ್ಟಿಸಿದ್ದು, ಅದು ಕಿಟಕಿ ಮುಚ್ಚೋ ಹಲಗೆ ಅಲ್ಲ. ಮೊಳೆ ತಗೊಂಡು ಕೆತ್ತಿದ್ರೆ ಹೋಗಲ್ಲ.

ಆದ್ರೂ ನಿಮ್ ಕಡೆಗೂ ಒಂದು ಪಾಯಿಂಟ್ ಕೊಡ್ತೀನಿ. ಕೇಂಬ್ರಿಡ್ಜಿನ ಈಗಲ್ ಅನ್ನೋ ಪಬ್ಬಲ್ಲಿ ಇದೇ ಪೈಲಟ್ ಜಾತಿಯವ್ರು ಮೇಲ್ಛಾವಣಿಗೇ ಲೈಟರ್, ಮೇಣದಬತ್ತಿ ಹಿಡಿದು ಹೆಸರು, ಸ್ಕ್ವಾಡ್ರನ್ ನಂಬರ್ ಸುಟ್ಟು ಬರೆದಿದಾರೆ, ಲಿಪ್‌ಸ್ಟಿಕ್ಕಲ್ಲೂ ಗೀಚಿದಾರೆ. ಅದು ಥೇಟ್ ನಿಮ್ ಹುಡುಗರದೇ ಬುದ್ಧಿ! ಓನರ್ ನಾನಾಗಿದ್ರೆ ಅವತ್ತೇ ಹೊರಗೆ ಹಾಕ್ತಿದ್ದೆ.

ಪ್ರಶ್ನೆ (ಚಿಕ್ಕಮಗಳೂರಿಂದ): ಆ ಯುದ್ಧದಲ್ಲಿ ಇಂಗ್ಲೆಂಡ್ ಮೇಲೆ ನಮ್ಮವ್ರು ಯಾರೂ ಹಾರಿಲ್ವಾ?

ಉತ್ತರ: ಹಾರಿದಾರೆ. 1940ರ ಕೊನೇಲಿ 24 ಭಾರತೀಯ ಪೈಲಟ್‌ಗಳು ಅಲ್ಲಿಗೆ ಹೋದ್ರು. ಅವ್ರಲ್ಲಿ ಮಹಿಂದರ್ ಸಿಂಗ್ ಪುಜ್ಜಿ ಅಂತ, 1941ರಲ್ಲಿ ಹರಿಕೇನ್ ಅನ್ನೋ ಫೈಟರ್ ವಿಮಾನ ಓಡಿಸಿದವ್ರು, ಹಾರುವಾಗ್ಲೂ ಪೇಟ ತೆಗೀತಿರ್ಲಿಲ್ಲ, ಸಾಲದ್ದಕ್ಕೆ ಕಾಕ್‌ಪಿಟ್ಟಲ್ಲಿ ಇನ್ನೊಂದು ಪೇಟ ಬೇರೆ ಇಟ್ಕೊಂಡಿರ್ತಿದ್ರು, ವಿಮಾನ ಬಿದ್ರೆ ಇರ್ಲಿ ಅಂತ. 2014ರಲ್ಲಿ ಕೆಂಟ್‌ನ ಗ್ರೇವ್ಸೆಂಡಲ್ಲಿ ಅವ್ರ ಪ್ರತಿಮೆ ನಿಲ್ಸಿದಾರೆ, ಪೇಟ ಸಮೇತ.